ನೆಬ್ರಾಸ್ಕಾ ಎಲ್ಲಿ ಕೆಟ್ಟಿತು? ಕಾಲೇಜು ಫುಟ್‌ಬಾಲ್ ತಂಡವೊಂದರ ದೋಷ ಪತ್ತೆ ಕೈಪಿಡಿ

ಲಕ್ಷಣ

1969ರಿಂದ 2001ರವರೆಗೆ, ಅಂದರೆ 33 ವರ್ಷ, ಒಂದು ಸೀಸನ್ ಕೂಡ ತಪ್ಪದೆ ಕನಿಷ್ಠ 9 ಪಂದ್ಯ ಗೆದ್ದ ತಂಡ ಇದು. ಅದೇ ತಂಡ 2017ರಿಂದ 2023ರವರೆಗೆ ಸಾಲಾಗಿ ಏಳು ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಊರು ಬದಲಾಗಿಲ್ಲ, ಸ್ಟೇಡಿಯಂ ಬದಲಾಗಿಲ್ಲ, ಕೆಂಪು ಜೆರ್ಸಿ ಅದೇ, ದುಡ್ಡು ಮೊದಲಿಗಿಂತ ಜಾಸ್ತಿ. ಅಮೆರಿಕದ ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಏನು ಬಡಿಯಿತು ಅಂತ ಅಲ್ಲಿನ ಜನ ಇಪ್ಪತ್ತು ವರ್ಷದಿಂದ ಕೇಳಿಕೊಳ್ಳುತ್ತಲೇ ಇದ್ದಾರೆ. ಒಂದು ಕಾಲಕ್ಕೆ ಮರ್ಯಾದೆಯಿಂದ ಬಾಳಿದ ಯಾವುದೇ ತಂಡ ನೆಲ ಕಚ್ಚಿದಾಗ ದೋಷ ಹುಡುಕುವ ಕ್ರಮ ಹೇಗಿರಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಕಾಲಲ್ಲಿ ಒದೆಯುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಎರಡೂ ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ನಡುವೆ ನುಗ್ಗುವ ಅಮೆರಿಕನ್ ಆಟ. ಆಗಸ್ಟ್ ಕೊನೆಯಿಂದ ನವೆಂಬರ್ ತನಕ, ಹೆಚ್ಚಾಗಿ ಶನಿವಾರಗಳಂದು, 12 ಪಂದ್ಯ. ಆರು ಗೆದ್ದರೆ ವರ್ಷದ ಕೊನೆಗೆ ‘ಬೌಲ್’ ಎಂಬ ಇನ್ನೊಂದು ಪಂದ್ಯಕ್ಕೆ ಆಹ್ವಾನ ಬರುತ್ತದೆ. ಕಾಲೇಜುಗಳು ‘ಕಾನ್ಫರೆನ್ಸ್’ ಎಂಬ ಗುಂಪುಗಳಲ್ಲಿ ಆಡುತ್ತವೆ. ಕಾಲೇಜು ಆಟ ಅಂದರೆ ನಮ್ಮ ಅಂತರ ಕಾಲೇಜು ಟೂರ್ನಮೆಂಟ್ ಥರ ಇರಬಹುದು ಅಂದುಕೊಳ್ಳಬೇಡಿ. ಪಂದ್ಯದ ದಿನ ಲಿಂಕನ್ ನಗರದ ಮೆಮೋರಿಯಲ್ ಸ್ಟೇಡಿಯಂ ತುಂಬಿದರೆ, ಒಮಾಹಾ ಮತ್ತು ಲಿಂಕನ್ ಬಿಟ್ಟು ಆ ರಾಜ್ಯದಲ್ಲಿ ಅಷ್ಟು ಜನರಿರುವ ಊರೇ ಇಲ್ಲ. ಎಂಎಸ್ ಓದಲು ಲಿಂಕನ್‌ಗೆ ಹೋದ ನಮ್ಮ ಹುಡುಗರು ಆಟದ ನಿಯಮ ಕಲಿಯುವ ಮೊದಲೇ ಒಂದು ಕೆಂಪು ಟೀ ಶರ್ಟ್ ಕೊಳ್ಳಬೇಕಾಗುತ್ತದೆ.

ಮೊದಲು: ಯಾವ ಸೂಚಕವನ್ನು ನಂಬಬಾರದು

ಮೆಮೋರಿಯಲ್ ಸ್ಟೇಡಿಯಂನಲ್ಲಿ 1962ರ ನವೆಂಬರ್‌ನಿಂದ ಇವತ್ತಿನವರೆಗೆ ಪ್ರತಿ ಪಂದ್ಯದ ಟಿಕೆಟ್ಟೂ ಪೂರ್ತಿ ಮಾರಾಟವಾಗಿದೆ ಎನ್ನುವುದು ನೆಬ್ರಾಸ್ಕಾದ ದೊಡ್ಡ ಹೆಮ್ಮೆ. ಆ ಸಾಲು 400 ಪಂದ್ಯ ದಾಟಿದೆ. ದೋಷ ಹುಡುಕುವವರು ಈ ಸಂಖ್ಯೆಯನ್ನು ಬದಿಗಿಡಬೇಕು. ತಂಡ ಸೋಲುತ್ತಾ ಬಂದ ವರ್ಷಗಳಲ್ಲಿ ಉಳಿದ ಟಿಕೆಟ್‌ಗಳನ್ನು ದಾನಿಗಳೇ ಕೊಂಡು ಬಡ ಮಕ್ಕಳಿಗೆ ಹಂಚಿ ಸಾಲು ತುಂಡಾಗದಂತೆ ನೋಡಿಕೊಂಡಿದ್ದಾರೆ. ಮಕ್ಕಳಿಗೆ ಆಟ ನೋಡಲು ಸಿಕ್ಕಿತು, ಒಳ್ಳೆಯದೇ. ಆದರೆ ಏನೇ ಆದರೂ ‘ಭರ್ತಿ’ ಎಂದೇ ತೋರಿಸುವ ಮೀಟರ್‌ನಿಂದ ರೋಗ ತಿಳಿಯುವುದಿಲ್ಲ.

ಇನ್ನೊಂದು, ಹಳೆಯ ಟ್ರೋಫಿಗಳು. 1970, 1971, 1994, 1995, 1997 ಹೀಗೆ ಐದು ರಾಷ್ಟ್ರೀಯ ಪ್ರಶಸ್ತಿ (ಕೊನೆಯದು ಮಿಷಿಗನ್ ಜತೆ ಹಂಚಿಕೊಂಡದ್ದು). ಯಂತ್ರ ಒಂದು ಕಾಲಕ್ಕೆ ಓಡುತ್ತಿತ್ತು ಎನ್ನುವುದಕ್ಕೆ ಇವು ಪುರಾವೆ. ಯಾಕೆ ಓಡುತ್ತಿತ್ತು ಎನ್ನುವುದಕ್ಕಲ್ಲ. ಅಭಿಮಾನಿಗಳ ವಾದಗಳಲ್ಲಿ ಅರ್ಧಕ್ಕರ್ಧ ಇಲ್ಲೇ ದಾರಿ ತಪ್ಪುತ್ತವೆ.

ಎರಡನೆಯದು: ಒಂದೇ ಏಟಿಗೆ ಕೆಟ್ಟಿತೋ, ಸವೆದು ಕೆಟ್ಟಿತೋ

ಇದನ್ನು ಬೇಗ ಇತ್ಯರ್ಥ ಮಾಡಿಕೊಳ್ಳಬೇಕು, ಏಕೆಂದರೆ ಎರಡರ ರಿಪೇರಿಯೂ ಬೇರೆ. ಒಂದೇ ಏಟಿಗೆ ಕೆಟ್ಟದ್ದಕ್ಕೆ ಉದಾಹರಣೆ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ. ಆಟಗಾರರಿಗೆ ಗುಟ್ಟಾಗಿ ಹಣ ಕೊಟ್ಟದ್ದಕ್ಕೆ, ಅದೂ ಸಿಕ್ಕಿಬಿದ್ದ ಮೇಲೂ ಕೊಡುತ್ತಲೇ ಇದ್ದದ್ದಕ್ಕೆ, ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ 1987ರ ಇಡೀ ಸೀಸನ್ ರದ್ದು ಮಾಡಿತು. 1988ರಲ್ಲಿ ತಂಡ ತಾನಾಗಿಯೇ ಆಡಲಿಲ್ಲ. ಮತ್ತೆ ಒಂದು ಬೌಲ್ ಪಂದ್ಯ ಕಾಣಲು 2009 ಬರಬೇಕಾಯಿತು. ಅಲ್ಲಿ ದೋಷದ ದಿನಾಂಕ ಗೊತ್ತು, ಕಾರಣ ಗೊತ್ತು.

ನೆಬ್ರಾಸ್ಕಾಕ್ಕೆ ಅಂಥ ಶಿಕ್ಷೆ ಯಾವುದೂ ಆಗಿಲ್ಲ. ಆದ್ದರಿಂದ ಸವೆತವನ್ನೇ ಹುಡುಕಬೇಕು. ಸವೆತದ ಜತೆಗೆ, ಸವೆತ ಕಂಡು ಗಾಬರಿಯಾದವರು ಕೈಹಾಕಿ ಕೆಡಿಸಿದ್ದನ್ನೂ.

ಮೂರನೆಯದು: ಹಣ, ಊರು, ಜನಸಂಖ್ಯೆ

ಸಾಮಾನ್ಯವಾಗಿ ಕೇಳಿಬರುವ ಮೊದಲ ವಿವರಣೆ ಇದು: ರಾಜ್ಯದ ಜನಸಂಖ್ಯೆ 20 ಲಕ್ಷದೊಳಗೆ, ಚಳಿಗಾಲದಲ್ಲಿ ಮೂಳೆ ಕೊರೆಯುವ ಗಾಳಿ, ಸಮುದ್ರವಿಲ್ಲ, ದೊಡ್ಡ ನಗರವಿಲ್ಲ. 18 ವರ್ಷದ ಪ್ರತಿಭಾವಂತ ಹುಡುಗ ಫ್ಲಾರಿಡಾ ಬಿಟ್ಟು ಇಲ್ಲಿಗೆ ಯಾಕೆ ಬಂದಾನು?

ಕೇಳಲು ಸರಿಯಾಗಿಯೇ ಇದೆ. ಆದರೆ ಪರೀಕ್ಷೆಗೆ ನಿಲ್ಲುವುದಿಲ್ಲ. 1970ರಲ್ಲೂ ಗಾಳಿ ಹಾಗೇ ಬೀಸುತ್ತಿತ್ತು. ಪಕ್ಕದ ಕಾನ್ಸಸ್ ರಾಜ್ಯದ ಮ್ಯಾನ್‌ಹಟನ್ ಎಂಬ ಸಣ್ಣ ಊರಿನ ಕಾನ್ಸಸ್ ಸ್ಟೇಟ್ ತಂಡಕ್ಕೆ 1989ರಲ್ಲಿ ಬಿಲ್ ಸ್ನೈಡರ್ ಕೋಚ್ ಆಗಿ ಬಂದಾಗ ಆ ತಂಡ ಗೆಲುವಿನ ಮುಖ ನೋಡಿ ಎರಡು ವರ್ಷ ದಾಟಿತ್ತು. 1998ರಲ್ಲಿ ಅದೇ ತಂಡ ನೆಬ್ರಾಸ್ಕಾವನ್ನು 40-30ರಿಂದ ಸೋಲಿಸಿತು. 30 ವರ್ಷಗಳಲ್ಲಿ ಮೊದಲ ಬಾರಿ. ಇತ್ತೀಚಿನ ಉದಾಹರಣೆ ಬೇಕಾದರೆ ಇಂಡಿಯಾನಾ ಇದೆ. ದಶಕಗಳ ಕಾಲ ಸೋಲಿಗೇ ಹೆಸರಾಗಿದ್ದ ಆ ತಂಡ 2023ರಲ್ಲಿ 3 ಪಂದ್ಯ ಗೆದ್ದಿತ್ತು. ಹೊಸ ಕೋಚ್ ಕರ್ಟ್ ಸಿಗ್ನೆಟಿ ಬಂದ 2024ರಲ್ಲಿ 11 ಗೆದ್ದಿತು. ಆ ವರ್ಷ ನೆಬ್ರಾಸ್ಕಾವನ್ನು 56-7ರಿಂದ ಚಚ್ಚಿದ್ದೂ ಅದೇ ಇಂಡಿಯಾನಾ.

ಹಣದ ಮಾತಂತೂ ಎತ್ತುವಂತೆಯೇ ಇಲ್ಲ. 2011ರಲ್ಲಿ ಸೇರಿದ ಬಿಗ್ ಟೆನ್ ಕಾನ್ಫರೆನ್ಸ್ ತನ್ನ ಪೂರ್ಣ ಸದಸ್ಯರಿಗೆ ವರ್ಷಕ್ಕೆ 5 ಕೋಟಿ ಡಾಲರ್‌ಗೂ ಮಿಕ್ಕಿ ಹಂಚುತ್ತದೆ.

ಇದಕ್ಕಿಂತ ನಿಖರವಾದ ಪರೀಕ್ಷೆ ಅದೇ ಕ್ಯಾಂಪಸ್ಸಿನಲ್ಲಿದೆ. ನೆಬ್ರಾಸ್ಕಾದ ಮಹಿಳಾ ವಾಲಿಬಾಲ್ ತಂಡ. ಅದೇ ರಾಜ್ಯ, ಅದೇ ಚಳಿ, ಅದೇ ಆಡಳಿತ, ಅದೇ ದಾನಿಗಳು. ಆ ತಂಡ 1995, 2000, 2006, 2015 ಮತ್ತು 2017ರಲ್ಲಿ ರಾಷ್ಟ್ರೀಯ ಚಾಂಪಿಯನ್. 2023ರ ಆಗಸ್ಟ್ 30ರಂದು ಫುಟ್‌ಬಾಲ್ ಸ್ಟೇಡಿಯಂನ ನಡುವೆಯೇ ಕೋರ್ಟ್ ಹಾಸಿ ಅವರು ಪಂದ್ಯ ಆಡಿದಾಗ ಬಂದವರು 92,003 ಮಂದಿ. ಎರಡೂ ತಂಡಕ್ಕೆ ಹೋಗುವ ಲೈನ್ ಒಂದೇ, ಒಂದು ಕಡೆ ದೀಪ ಉರಿಯುತ್ತಿದೆ ಅಂದಮೇಲೆ ಕರೆಂಟ್ ಇಲ್ಲ ಅನ್ನುವ ಹಾಗಿಲ್ಲ. ಈಗ ಆ ತಂಡದ ಕೋಚ್‌ಗಳ ಪಟ್ಟಿ ನೋಡಿ: ಟೆರಿ ಪೆಟಿಟ್ 1977ರಿಂದ 1999, ಜಾನ್ ಕುಕ್ 2000ದಿಂದ 2024. ನಲವತ್ತೆಂಟು ಸೀಸನ್‌ಗೆ ಇಬ್ಬರೇ. ಕುಕ್ ನಿವೃತ್ತರಾದಾಗ ಬಂದವರು ಅದೇ ತಂಡದಲ್ಲಿ ಆಡಿ ಗೆದ್ದ ಡ್ಯಾನಿ ಬುಸ್‌ಬೂಮ್ ಕೆಲ್ಲಿ. ಈ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾಲ್ಕನೆಯದು: ಹೊರಗಿನ ನಿಯಮ ಯಾವಾಗ ಬದಲಾಯಿತು

ಇಲ್ಲಿ ನಿಜವಾದ ಸವೆತ ಇದೆ. ನೆಬ್ರಾಸ್ಕಾ ಬೆಳೆದದ್ದು ಕೆಲವು ಅನುಕೂಲಗಳ ಮೇಲೆ. ಅವು ಒಂದೊಂದಾಗಿ ಕೈತಪ್ಪಿದವು, ಯಾರ ತಪ್ಪೂ ಇಲ್ಲದೆ.

1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಟಿವಿ ಪ್ರಸಾರದ ಮೇಲೆ ಎನ್‌ಸಿಎಎಗಿದ್ದ ಹಿಡಿತ ತಪ್ಪಿಸಿತು. ಅದಕ್ಕೂ ಮೊದಲು ವಾರಕ್ಕೆ ಬೆರಳೆಣಿಕೆಯ ಪಂದ್ಯಗಳು ಟಿವಿಯಲ್ಲಿ ಬರುತ್ತಿದ್ದವು, ಅದರಲ್ಲಿ ನೆಬ್ರಾಸ್ಕಾದಂಥ ದೊಡ್ಡ ಹೆಸರುಗಳೇ ಹೆಚ್ಚು. ಆಮೇಲೆ ಎಲ್ಲರೂ ಟಿವಿಯಲ್ಲಿ. ಎಷ್ಟು ಹುಡುಗರಿಗೆ ಸ್ಕಾಲರ್‌ಶಿಪ್ ಕೊಡಬಹುದು ಎಂಬ ಮಿತಿ 1970ರ ದಶಕದಲ್ಲಿ 105, ಆಮೇಲೆ 95, 1990ರ ದಶಕದಲ್ಲಿ 85ಕ್ಕೆ ಇಳಿಯಿತು. ದೊಡ್ಡ ತಂಡಗಳ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗರು ಸಣ್ಣ ತಂಡಗಳಿಗೆ ಹೋಗಿ ಆಡತೊಡಗಿದರು.

ವೇಯ್ಟ್ ರೂಮಿನ ಕಥೆ ಸ್ವಾರಸ್ಯವಾಗಿದೆ. 1969ರಲ್ಲಿ ಬಾಯ್ಡ್ ಎಪ್ಲೆ ಎಂಬ, ಗಾಯಗೊಂಡು ಆಟ ಬಿಟ್ಟಿದ್ದ ಪೋಲ್‌ವಾಲ್ಟ್ ಹುಡುಗನನ್ನು ನೆಬ್ರಾಸ್ಕಾ ಭಾರ ಎತ್ತಿಸುವ ಕೋಚ್ ಆಗಿ ನೇಮಿಸಿತು. ಭಾರ ಎತ್ತಿದರೆ ಆಟಗಾರ ಮಂದವಾಗುತ್ತಾನೆ ಅಂತ ಬಹಳಷ್ಟು ಕೋಚ್‌ಗಳು ನಂಬಿದ್ದ ಕಾಲ ಅದು. ಹತ್ತು ವರ್ಷದಲ್ಲಿ ನೆಬ್ರಾಸ್ಕಾದ ಹುಡುಗರು ಎದುರಾಳಿಗಳಿಗಿಂತ ಎದ್ದು ಕಾಣುವಷ್ಟು ಗಟ್ಟಿಮುಟ್ಟಾದರು. 1978ರಲ್ಲಿ ಎಪ್ಲೆ ಇಂಥ ಕೋಚ್‌ಗಳಿಗೆಂದೇ ಒಂದು ರಾಷ್ಟ್ರೀಯ ಸಂಘ ಕಟ್ಟಿದರು. ವಿದ್ಯೆ ಹರಡಿತು. ಇವತ್ತು ಆ ಥರದ ವೇಯ್ಟ್ ರೂಮ್ ಇಲ್ಲದ ದೊಡ್ಡ ಕಾಲೇಜು ಇಲ್ಲ. ತನ್ನ ಗುಟ್ಟನ್ನು ಹೀಗೆ ತಾನೇ ಊರಿಗೆಲ್ಲ ಹಂಚಿದ ತಂಡ ಇನ್ನೊಂದಿರಲಿಕ್ಕಿಲ್ಲ.

1996ರಲ್ಲಿ ಹಳೆಯ ಬಿಗ್ ಏಯ್ಟ್ ಗುಂಪಿಗೆ ಟೆಕ್ಸಸ್‌ನ ನಾಲ್ಕು ಕಾಲೇಜು ಸೇರಿ ಬಿಗ್ ಟ್ವೆಲ್ವ್ ಆಯಿತು. ಒಕ್ಲಹೋಮಾ ಜತೆ ಪ್ರತಿ ವರ್ಷ ನಡೆಯುತ್ತಿದ್ದ ಜಿದ್ದಿನ ಪಂದ್ಯ ನಿಂತಿತು. 2011ರಲ್ಲಿ ಬಿಗ್ ಟೆನ್‌ಗೆ ಹೋದಾಗ ಖಜಾನೆ ತುಂಬಿತು, ಟೆಕ್ಸಸ್‌ನಲ್ಲಿ ಆಡುವುದು ತಪ್ಪಿತು. ‘ನಿನ್ನ ಅಪ್ಪ ಅಮ್ಮ ಕಾರಲ್ಲಿ ಬಂದು ನಿನ್ನ ಆಟ ನೋಡಬಹುದು’ ಎಂದು ಟೆಕ್ಸಸ್ ಹುಡುಗನ ಮನೆಯಲ್ಲಿ ಕೂತು ಹೇಳುವ ಅವಕಾಶವೂ ಅದರೊಂದಿಗೆ ಹೋಯಿತು.

ಇಷ್ಟಕ್ಕೇ ಕೈಪಿಡಿ ಮುಚ್ಚಿಬಿಡುವವರು ಬಹಳ ಮಂದಿ. ಕಾಲ ಬದಲಾಯಿತು, ಅಷ್ಟೆ ಅನ್ನುತ್ತಾರೆ. ದಿನಾಂಕಗಳನ್ನು ಪಕ್ಕಪಕ್ಕ ಇಟ್ಟರೆ ಈ ವಾದ ನಿಲ್ಲುವುದಿಲ್ಲ. ಟಿವಿ ತೀರ್ಪು 1984, ಸ್ಕಾಲರ್‌ಶಿಪ್ 85ಕ್ಕೆ ಇಳಿದದ್ದು 1994ರ ಹೊತ್ತಿಗೆ, ವೇಯ್ಟ್ ರೂಮ್ ವಿದ್ಯೆ ಅಷ್ಟರೊಳಗೆ ಎಲ್ಲರಲ್ಲೂ ಇತ್ತು. ಹೆಚ್ಚುಕಡಿಮೆ ಇದೆಲ್ಲ ಆದ ಮೇಲೆ, 1993ರಿಂದ 1997ರವರೆಗಿನ ಐದು ಸೀಸನ್‌ನಲ್ಲಿ, ಆಗಿನ ಕೋಚ್ ಟಾಮ್ ಆಸ್‌ಬಾರ್ನ್ ತಂಡದ ಲೆಕ್ಕ 60 ಗೆಲುವು, 3 ಸೋಲು. ಅನುಕೂಲಗಳು ಹೋದದ್ದು ನಿಜ. ಹೋದದ್ದರಿಂದಾದ ನಷ್ಟ ಏನೆಂದರೆ ತಪ್ಪು ಮಾಡಿದರೂ ತಡೆದುಕೊಳ್ಳುವ ಶಕ್ತಿ ಕಡಿಮೆಯಾಯಿತು. 1975ರಲ್ಲಿ ಒಂದು ಕೆಟ್ಟ ನಿರ್ಧಾರ ತೆಗೆದುಕೊಂಡರೂ ನಡೆಯುತ್ತಿತ್ತೋ ಏನೋ, 2003ರಲ್ಲಿ ನಡೆಯುವಂತಿರಲಿಲ್ಲ.

ಐದನೆಯದು: ಬಿಚ್ಚಿದ್ದು ಯಾರು, ಬಿಚ್ಚಿದ್ದೇನು

ಮೊದಲು ಯಂತ್ರ ಹೇಗಿತ್ತು ನೋಡೋಣ. 1962ರಲ್ಲಿ ಬಾಬ್ ಡೆವೆನಿ ಬಂದರು. ಅದರ ಹಿಂದಿನ ವರ್ಷ ತಂಡ ಮೂರೇ ಪಂದ್ಯ ಗೆದ್ದಿತ್ತು. 1973ರಲ್ಲಿ ಅವರ ಸಹಾಯಕ ಆಸ್‌ಬಾರ್ನ್, 1998ರಲ್ಲಿ ಆಸ್‌ಬಾರ್ನ್‌ರ ಸಹಾಯಕ ಫ್ರಾಂಕ್ ಸೋಲಿಚ್. ವಾಲಿಬಾಲ್ ಪಟ್ಟಿಯ ಹಾಗೆಯೇ: 42 ಸೀಸನ್, ಮೂರೇ ಕೋಚ್, ಡೆವೆನಿ ನಂತರದ ಇಬ್ಬರೂ ಹಿಂದಿನ ಕೋಚ್ ಕೈಹಿಡಿದು ತಂದ ಒಳಗಿನವರು. ಸಹಾಯಕ ಕೋಚ್‌ಗಳೂ ಅಲ್ಲೇ ಬೇರುಬಿಟ್ಟವರು. ಮುಂಚೂಣಿ ಆಟಗಾರರನ್ನು ತಯಾರು ಮಾಡುತ್ತಿದ್ದ ಮಿಲ್ಟ್ ಟೆನೋಪಿರ್ 1974ರಿಂದ 2002ರವರೆಗೆ ಇದ್ದರು.

ಆಟದ ಶೈಲಿ ‘ಆಪ್ಷನ್’. ಕ್ವಾರ್ಟರ್‌ಬ್ಯಾಕ್, ಅಂದರೆ ಆಕ್ರಮಣ ನಡೆಸುವ ಆಟಗಾರ, ಚೆಂಡು ಹಿಡಿದು ಬದಿಗೆ ಓಡುತ್ತಾನೆ. ಎದುರಿನ ಒಬ್ಬ ರಕ್ಷಕ ಯಾರ ಕಡೆ ವಾಲುತ್ತಾನೆ ಎಂದು ಓಡುತ್ತಲೇ ಗಮನಿಸಿ, ತಾನೇ ನುಗ್ಗುವುದೋ ಪಕ್ಕದವನಿಗೆ ಎಸೆಯುವುದೋ ಅರೆಕ್ಷಣದಲ್ಲಿ ತೀರ್ಮಾನಿಸುತ್ತಾನೆ. ಇದು ನೋಡಲು ಹಳೆಯ ಕಾಲದ ಆಟ. ಆದರೆ ಇದರ ಹಿಂದಿನ ಲೆಕ್ಕಾಚಾರ ಗಮನಿಸಿ. ಇಂಥ ಕ್ವಾರ್ಟರ್‌ಬ್ಯಾಕ್ ವೃತ್ತಿಪರ ಎನ್‌ಎಫ್‌ಎಲ್‌ಗೆ ಬೇಡದವನು, ಆದ್ದರಿಂದ ಅವನಿಗಾಗಿ ಪೈಪೋಟಿ ಕಡಿಮೆ. ಎದುರಾಳಿ ಈ ಆಟವನ್ನು ವರ್ಷಕ್ಕೊಮ್ಮೆ ಎದುರಿಸುತ್ತಾನೆ, ತಯಾರಿಗೆ ಸಿಗುವುದು ಒಂದು ವಾರ. ಮುಂಚೂಣಿಗೆ ಬೇಕಾದದ್ದು ಮಿಂಚಿನ ವೇಗವಲ್ಲ; ದೇಹ, ತಾಳ್ಮೆ ಮತ್ತು ಮೂರು ನಾಲ್ಕು ವರ್ಷದ ಅಭ್ಯಾಸ. ಅಂಥ ಹುಡುಗರು ನೆಬ್ರಾಸ್ಕಾದ ಹಳ್ಳಿಗಳಲ್ಲಿ ಧಾರಾಳವಾಗಿದ್ದರು. ಸ್ಕಾಲರ್‌ಶಿಪ್ ಇಲ್ಲದೆ, ಸ್ವಂತ ಖರ್ಚಿನಲ್ಲಿ, ಕೆಂಪು ಜೆರ್ಸಿ ಹಾಕುವ ಒಂದೇ ಆಸೆಗೆ ಬಂದು ಸೇರುತ್ತಿದ್ದರು. ಅವರಿಗೆ ‘ವಾಕ್‌ಆನ್’ ಎನ್ನುತ್ತಾರೆ. ಸ್ಕಾಲರ್‌ಶಿಪ್ ಮಿತಿ 85ಕ್ಕೆ ಇಳಿದಾಗ ಬೇರೆಯವರ ತಂಡ ಚಿಕ್ಕದಾಯಿತು, ನೆಬ್ರಾಸ್ಕಾದ್ದು ಆಗಲಿಲ್ಲ.

ಅಂದರೆ ಆಟದ ಶೈಲಿ, ಊರು, ಹುಡುಗರ ಆಯ್ಕೆ, ವೇಯ್ಟ್ ರೂಮ್, ಹಳೆಯ ಕೋಚ್‌ಗಳು ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿದ್ದವು. ಬಿಡಿಬಿಡಿಯಾಗಿ ಯಾರು ಬೇಕಾದರೂ ನಕಲು ಮಾಡಬಹುದಿತ್ತು. ಕೂಡಿಕೆಯನ್ನು ನಕಲು ಮಾಡುವುದು ಸುಲಭವಲ್ಲ.

2001ರಲ್ಲಿ ತಂಡ 11 ಪಂದ್ಯ ಸತತ ಗೆದ್ದು ಕೊಲರಾಡೊಗೆ ಹೋಯಿತು. ಅಲ್ಲಿ 62-36ರ ಸೋಲು. ಹಾಗಿದ್ದೂ ರಾಷ್ಟ್ರೀಯ ಫೈನಲ್‌ಗೆ ಅವಕಾಶ ಸಿಕ್ಕಿತು. ಮಯಾಮಿ 37-14ರಿಂದ ಸೋಲಿಸಿತು. ತಂಡದ ಕ್ವಾರ್ಟರ್‌ಬ್ಯಾಕ್ ಎರಿಕ್ ಕ್ರೌಚ್ ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದವನು. ಮರುವರ್ಷ 7 ಗೆಲುವು, 7 ಸೋಲು. ಇದು ನಿಜವಾದ ಎಚ್ಚರಿಕೆ. ಸೋಲಿಚ್ ಸಹಾಯಕರನ್ನು ಬದಲಾಯಿಸಿದರು, 2003ರಲ್ಲಿ ತಂಡ 9-3ಕ್ಕೆ (9 ಗೆಲುವು, 3 ಸೋಲು) ಬಂತು. ಸುಧಾರಿಸುತ್ತಿದ್ದ ಹೊತ್ತಿಗೇ ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದ ಮುಖ್ಯಸ್ಥ (ಅಥ್ಲೆಟಿಕ್ ಡೈರೆಕ್ಟರ್) ಸ್ಟೀವ್ ಪೆಡರ್ಸನ್ ಅವರನ್ನು ತೆಗೆದುಹಾಕಿದರು. ಸೋಲಿಚ್‌ರ ಒಟ್ಟು ಲೆಕ್ಕ 58 ಗೆಲುವು, 19 ಸೋಲು. ತೆಗೆದ ಭಾಗ ಕೆಟ್ಟಿತ್ತೇ ಅಂತ ತಿಳಿಯಬೇಕಾದರೆ ಬೇರೆ ಯಂತ್ರದಲ್ಲಿ ಹಾಕಿ ನೋಡಬೇಕು. ಸೋಲಿಚ್ 2005ರಲ್ಲಿ ಒಹಾಯೊ ವಿಶ್ವವಿದ್ಯಾಲಯ ಎಂಬ ಸಾಧಾರಣ ತಂಡಕ್ಕೆ ಹೋಗಿ, ಆ ಕಾನ್ಫರೆನ್ಸ್‌ನ ಇತಿಹಾಸದಲ್ಲೇ ಅತಿ ಹೆಚ್ಚು ಪಂದ್ಯ ಗೆದ್ದ ಕೋಚ್ ಆದರು.

ಅವರ ಜಾಗಕ್ಕೆ ಬಂದವರು ಎನ್‌ಎಫ್‌ಎಲ್‌ನ ಓಕ್‌ಲೆಂಡ್ ರೈಡರ್ಸ್ ಕೋಚ್ ಆಗಿದ್ದ ಬಿಲ್ ಕ್ಯಾಲಹನ್. ಆಪ್ಷನ್ ಹೋಯಿತು, ಚೆಂಡು ಎಸೆಯುವ ವೃತ್ತಿಪರ ಶೈಲಿ ಬಂತು. ಹೊಸ ಶೈಲಿಗೆ ಬೇಕಾದ ಕ್ವಾರ್ಟರ್‌ಬ್ಯಾಕ್ ಮತ್ತು ಎಸೆದ ಚೆಂಡು ಹಿಡಿಯುವ ವೇಗದ ರಿಸೀವರ್‌ಗಳು ಟೆಕ್ಸಸ್, ಕ್ಯಾಲಿಫೋರ್ನಿಯಾ, ಫ್ಲಾರಿಡಾದಲ್ಲಿ ಬೆಳೆಯುವವರು, ಮತ್ತು ಅವರು ಎಲ್ಲರಿಗೂ ಬೇಕು. ಗಿರಾಕಿಗಳೇ ಇಲ್ಲದ ಸಂತೆಯಲ್ಲಿ ಅಗ್ಗಕ್ಕೆ ಕೊಳ್ಳುತ್ತಿದ್ದವರು ಎದ್ದು ಹೋಗಿ ಊರೆಲ್ಲ ಮುಗಿಬಿದ್ದ ಹರಾಜಿನಲ್ಲಿ ಕೂತರು. 2004ರಲ್ಲಿ 5-6: 1961ರ ನಂತರ ಮೊದಲ ಸೋಲಿನ ಸೀಸನ್. ಟೆಕ್ಸಸ್ ಟೆಕ್ ಎದುರು 70-10. 35 ವರ್ಷ ಸತತ ಬೌಲ್ ಆಡಿದ ಸಾಲು ಅಲ್ಲಿಗೆ ತುಂಡಾಯಿತು. 2007ರಲ್ಲಿ ಕಾನ್ಸಸ್ ಈ ತಂಡದ ಮೇಲೆ 76 ಅಂಕ ಹೊಡೆಯಿತು. ಆ ಸೀಸನ್ ಮುಗಿಯುವ ಮೊದಲೇ ಪೆಡರ್ಸನ್ ಹೋದರು, ಮುಗಿದ ಮೇಲೆ ಕ್ಯಾಲಹನ್.

ನನ್ನ ಮಟ್ಟಿಗೆ ಮೂಲ ದೋಷ ಇದೇ. ಕ್ಯಾಲಹನ್ ಕೆಟ್ಟ ಕೋಚ್ ಎಂದಲ್ಲ, ಸೋಲಿಚ್ ಮಹಾನ್ ಕೋಚ್ ಎಂದೂ ಅಲ್ಲ. ಒಂದು ಭಾಗ ಸಡಿಲವಾಗಿದ್ದಾಗ ಇಡೀ ಕೂಡಿಕೆಯನ್ನೇ ಬಿಚ್ಚಿಹಾಕಿದ್ದು ತಪ್ಪು.

ಆರನೆಯದು: ಅದೇ ರಿಪೇರಿ ಮತ್ತೆ ಮತ್ತೆ

ಹೀಗೆ ಒಮ್ಮೆ ಬಿಚ್ಚಿದವರು ಮುಂದಿನ ಸಲವೂ ಬಿಚ್ಚುತ್ತಾರೆ. 2008ರಲ್ಲಿ ಬಂದ ಬೋ ಪೆಲಿನಿ ಆರು ಪೂರ್ತಿ ಸೀಸನ್‌ನಲ್ಲಿ 9 ಅಥವಾ 10 ಪಂದ್ಯ ಗೆದ್ದರು, ಪ್ರತಿ ಬಾರಿಯೂ ಸರಿಯಾಗಿ 4 ಸೋತರು. ಏಳನೆಯದರಲ್ಲಿ 9-3 ಇರುವಾಗ ಅವರನ್ನೂ ತೆಗೆದರು. ಅವರ ಸಿಟ್ಟು ಒಂದು ಸಮಸ್ಯೆ, ದೊಡ್ಡ ಪಂದ್ಯಗಳಲ್ಲಿ ಮಕಾಡೆ ಮಲಗುವುದು ಇನ್ನೊಂದು. 2012ರ ಬಿಗ್ ಟೆನ್ ಫೈನಲ್‌ನಲ್ಲಿ ವಿಸ್ಕಾನ್ಸಿನ್ 70-31ರಿಂದ ಗೆದ್ದಿತ್ತು. ತೆಗೆದದ್ದೇ ತಪ್ಪು ಎಂದು ನಾನು ಹೇಳಲಾರೆ. ತೆಗೆದ ಜಾಗಕ್ಕೆ ಏನು ಕೂಡಿಸಬೇಕು ಎಂದು ಯೋಚಿಸದೆ ತೆಗೆದದ್ದು ತಪ್ಪು. ಬಂದ ಮೈಕ್ ರೈಲಿ ಮತ್ತೆ ಎಸೆಯುವ ಶೈಲಿಗೆ ತಂದರು, ಮೂರು ವರ್ಷಕ್ಕೆ 19-19. ಅವರ ಕೊನೆಯ ವರ್ಷ ರಕ್ಷಣೆಯ ವ್ಯೂಹವನ್ನೂ ಬದಲಾಯಿಸಲಾಯಿತು. ಪೆಲಿನಿ ಹೋದ ಮೇಲೆ 9 ಗೆಲುವು ಕಂಡದ್ದು 2016ರಲ್ಲಿ ಒಮ್ಮೆ ಮಾತ್ರ.

ಒಬ್ಬ ಕೋಚ್‌ಗಾಗಿ ಬಂದ ಹುಡುಗ ಎರಡನೇ ವರ್ಷಕ್ಕೆ ಬೇರೆ ಕೋಚ್‌ನ ಬೇರೆ ಭಾಷೆ ಕಲಿಯಬೇಕು. ದಪ್ಪ ಇದ್ದವನು ಇಳಿಯಬೇಕು, ಸಣ್ಣಗಿದ್ದವನು ದಪ್ಪವಾಗಬೇಕು. 18ರ ಹುಡುಗನನ್ನು 22ಕ್ಕೆ ಗಂಡಸು ಮಾಡಿ ಇಳಿಸುತ್ತಿದ್ದ ತಂಡಕ್ಕೆ ಇದಕ್ಕಿಂತ ಕೆಟ್ಟ ಶಿಕ್ಷೆ ಎನ್‌ಸಿಎಎ ಕೂಡ ಕೊಡಲಾರದು.

2018ರಲ್ಲಿ ಊರೇ ಹಬ್ಬ ಮಾಡಿತು. 1997ರ ಚಾಂಪಿಯನ್ ತಂಡದ ಕ್ವಾರ್ಟರ್‌ಬ್ಯಾಕ್, ಅದೇ ರಾಜ್ಯದ ಹುಡುಗ, ಸೆಂಟ್ರಲ್ ಫ್ಲಾರಿಡಾ ತಂಡವನ್ನು 13-0 ಮಾಡಿ ಬಂದ ಸ್ಕಾಟ್ ಫ್ರಾಸ್ಟ್ ಮನೆಗೆ ಮರಳಿದ್ದರು. ಹಳೆಯ ಹೆಸರು ಬಂತು, ಹಳೆಯ ವ್ಯವಸ್ಥೆ ಬರಲಿಲ್ಲ. ಅವರು ತಂದದ್ದು ಆರೆಗನ್‌ನಲ್ಲಿ ಕಲಿತ ಅತಿವೇಗದ ಶೈಲಿ. ಮತ್ತೊಂದು ಬದಲಾವಣೆ.

ಏಳನೆಯದು: 2021, ಮೇಜಿನ ಮೇಲಿಟ್ಟು ನೋಡಿದಾಗ

ಒಂದು ಸೀಸನ್‌ನ್ನು ಬಿಡಿಸಿ ನೋಡಲು ಇದಕ್ಕಿಂತ ಒಳ್ಳೆಯ ವರ್ಷ ಸಿಗುವುದಿಲ್ಲ. 2021ರಲ್ಲಿ ನೆಬ್ರಾಸ್ಕಾ 3 ಗೆದ್ದು 9 ಸೋತಿತು. ಒಂಬತ್ತೂ ಸೋಲಿನ ಅಂತರ 9 ಅಂಕದೊಳಗೆ: 8, 7, 3, 3, 7, 5, 9, 7, 7. ಇಡೀ ವರ್ಷ ಹೊಡೆದ ಅಂಕ 335, ಬಿಟ್ಟುಕೊಟ್ಟದ್ದು 272. ಎದುರಾಳಿಗಳಿಗಿಂತ 63 ಅಂಕ ಹೆಚ್ಚು ಹೊಡೆದೂ ಮುಕ್ಕಾಲು ಪಂದ್ಯ ಸೋಲುವುದು ಹೇಗೆ?

ಅಭಿಮಾನಿಗಳು ದುರದೃಷ್ಟ ಎಂದರು. ಒಂದೆರಡು ಸಲವಾದರೆ ದುರದೃಷ್ಟ. ಸೋಲುಗಳನ್ನು ಒಂದೊಂದಾಗಿ ತೆರೆದರೆ ಒಂದೇ ಜಾಗದಲ್ಲಿ ಸೋರಿಕೆ ಕಾಣುತ್ತದೆ: ಚೆಂಡನ್ನು ಒದೆಯುವ ಸಂದರ್ಭಗಳು. ಇಲಿನಾಯ್ ಎದುರು ಪಂಟ್ (ಎದುರಾಳಿಯತ್ತ ದೂರಕ್ಕೆ ಒದ್ದ ಚೆಂಡು) ಹಿಡಿದ ಆಟಗಾರ ತನ್ನದೇ ಗೆರೆಯ ಬಳಿ ಗೊಂದಲವಾಗಿ ಎದುರಾಳಿಗೆ 2 ಅಂಕ ಕೊಟ್ಟ. ಒಕ್ಲಹೋಮಾ ಎದುರು ಹೆಚ್ಚುವರಿ ಅಂಕದ ಕಿಕ್ ತಡೆಯಲ್ಪಟ್ಟು, ಎದುರಾಳಿ ಅದನ್ನೇ ಎತ್ತಿಕೊಂಡು ಓಡಿ 2 ಅಂಕ ಗಳಿಸಿದ. ಅಯೋವಾ ಎದುರು ಒಂದು ಹಂತದಲ್ಲಿ 21-6 ಮುಂದಿದ್ದೂ, ನಾಲ್ಕನೇ ಕ್ವಾರ್ಟರ್‌ನಲ್ಲಿ ಪಂಟ್ ತಡೆಯಲ್ಪಟ್ಟು ಎದುರಾಳಿಗೆ ಟಚ್‌ಡೌನ್ (6 ಅಂಕ), ಕೊನೆಗೆ 28-21ರ ಸೋಲು.

ಮಿಷಿಗನ್ ಸ್ಟೇಟ್ ಪಂದ್ಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೆಬ್ರಾಸ್ಕಾ 20-13 ಮುಂದಿದೆ, ನಾಲ್ಕು ನಿಮಿಷವೂ ಉಳಿದಿಲ್ಲ, ರಕ್ಷಣಾ ಪಡೆ ಎದುರಾಳಿಯನ್ನು ಅಲುಗಾಡಲು ಬಿಡುತ್ತಿಲ್ಲ. ಮಾಡಬೇಕಾದದ್ದು ಒಂದೇ ಕೆಲಸ, ಚೆಂಡನ್ನು ಹೇಳಿದ ಬದಿಗೆ ಒದೆಯುವುದು. ಹತ್ತು ಮಂದಿ ಆ ಬದಿಗೆ ಓಡಿದರು. ಚೆಂಡು ಇನ್ನೊಂದು ಬದಿಗೆ ಹೋಯಿತು. ಅಲ್ಲಿ ಒಬ್ಬನೇ ನಿಂತಿದ್ದ ಜೇಡನ್ ರೀಡ್ ಅದನ್ನು ಹಿಡಿದು 62 ಯಾರ್ಡ್ ಓಡಿದ. ಅವನನ್ನು ತಡೆಯಬೇಕಾದವರೆಲ್ಲ ಮೈದಾನದ ಆ ತುದಿಯಲ್ಲಿದ್ದರು. ಓವರ್‌ಟೈಮ್‌ನಲ್ಲಿ 23-20ರ ಸೋಲು.

ಕಿಕ್, ಪಂಟ್‌ಗಳು ಟಿವಿಯಲ್ಲಿ ಯಾರಿಗೂ ಬೇಡ, ಜಾಹೀರಾತಿಗೆ ಎದ್ದು ಹೋಗುವ ಹೊತ್ತು. ಆದರೆ ತಂಡದ ಆಳ ತಿಳಿಯುವುದೇ ಅಲ್ಲಿ. ಆ ಕೆಲಸಕ್ಕೆ ಇಳಿಯುವವರು ಹೆಚ್ಚಾಗಿ ಎರಡನೇ, ಮೂರನೇ ಸಾಲಿನವರು. ಹಿಂದೆ ನೆಬ್ರಾಸ್ಕಾದಲ್ಲಿ ಅದನ್ನು ಮಾಡುತ್ತಿದ್ದವರು ಮೂರು ವರ್ಷ ಕಾದು ಹಸಿದಿದ್ದ ವಾಕ್‌ಆನ್ ಹುಡುಗರು. ಕೂಡಿಕೆ ಬಿಚ್ಚಿದಾಗ ಮೊದಲು ಸೊರಗಿದ್ದು ಈ ಸಾಲು. ಆ ಸೀಸನ್ ಮುಗಿದ ಮೇಲೆ ಫ್ರಾಸ್ಟ್ ಈ ವಿಭಾಗಕ್ಕೆ ಹೊಸ ಕೋಚ್ ನೇಮಿಸಿದರು.

ತಡವಾಗಿತ್ತು. 2022ರ ಆಗಸ್ಟ್ 27, ಡಬ್ಲಿನ್ ನಗರದಲ್ಲಿ ನಾರ್ತ್‌ವೆಸ್ಟರ್ನ್ ಎದುರು ಮೊದಲ ಪಂದ್ಯ. ಮೂರನೇ ಕ್ವಾರ್ಟರ್‌ನಲ್ಲಿ 28-17 ಮುಂದೆ. ಆಗ ಫ್ರಾಸ್ಟ್ ‘ಆನ್‌ಸೈಡ್ ಕಿಕ್’ ಮಾಡಿಸಿದರು. ಸೋಲುತ್ತಿರುವ ತಂಡ ಕೊನೆಯ ನಿಮಿಷದಲ್ಲಿ ಚೆಂಡು ಮರಳಿ ದಕ್ಕೀತೇನೋ ಅಂತ ಮಾಡುವ ಗಿಡ್ಡ ಕಿಕ್ ಅದು. ಚೆಂಡು ನಾರ್ತ್‌ವೆಸ್ಟರ್ನ್ ಕೈಗೆ ಹೋಯಿತು, ಆಟದ ಗಾಳಿಯೂ ಅತ್ತ ತಿರುಗಿತು, ಪಂದ್ಯ 31-28ಕ್ಕೆ ಹೋಯಿತು. ಎರಡು ವಾರದ ನಂತರ ತವರಿನಲ್ಲೇ ಜಾರ್ಜಿಯಾ ಸದರ್ನ್ ಎಂಬ ಸಣ್ಣ ತಂಡ 45-42ರಿಂದ ಗೆದ್ದಿತು. ಮರುದಿನವೇ ಫ್ರಾಸ್ಟ್ ವಜಾ. ಅಕ್ಟೋಬರ್ 1ರವರೆಗೆ ಮೂರು ವಾರ ಕಾದಿದ್ದರೆ ಅವರಿಗೆ ಕೊಡಬೇಕಾದ ಪರಿಹಾರ 1.5 ಕೋಟಿ ಡಾಲರ್‌ನಿಂದ ಅರ್ಧಕ್ಕೆ ಇಳಿಯುತ್ತಿತ್ತು. ಕಾಯಲಿಲ್ಲ. ದುಡ್ಡಿನ ಕೊರತೆ ಅಲ್ಲ ಅಂತ ಮೇಲೆ ಹೇಳಿದ್ದಕ್ಕೆ ಇನ್ನೇನು ಸಾಕ್ಷಿ ಬೇಕು.

ಮಾಡಬಾರದ ರಿಪೇರಿ

ಆಪ್ಷನ್‌ಗೆ ಮರಳಿ ಎನ್ನುವವರು ಈಗಲೂ ಇದ್ದಾರೆ. ಬೇಡ. ಆ ಶೈಲಿ ತನ್ನಷ್ಟಕ್ಕೆ ಮಂತ್ರವಾಗಿರಲಿಲ್ಲ, ಅದಕ್ಕೆ ಹೊಂದುವ ಹುಡುಗರು, ಕೋಚ್‌ಗಳು, ಕಾಲ ಎಲ್ಲ ಇದ್ದವು.

ಈಗಿನ ಸ್ಥಿತಿ

2022ರ ನವೆಂಬರ್‌ನಲ್ಲಿ ಮ್ಯಾಟ್ ರೂಲ್ ಜತೆ ಎಂಟು ವರ್ಷದ, 7.4 ಕೋಟಿ ಡಾಲರ್‌ಗಳ ಒಪ್ಪಂದವಾಯಿತು. ಮೊದಲ ವರ್ಷ 5-7. 2024ರಲ್ಲಿ ಸೀಸನ್ ನಡುವೆಯೇ ಆಕ್ರಮಣ ವಿಭಾಗದ ಹೊಣೆಯನ್ನು ಡೇನಾ ಹಾಲ್ಗರ್ಸನ್‌ಗೆ ವಹಿಸಿ, ಆರನೇ ಗೆಲುವು ದಾಟಿ, ನ್ಯೂಯಾರ್ಕ್‌ನ ಪಿನ್‌ಸ್ಟ್ರೈಪ್ ಬೌಲ್‌ನಲ್ಲಿ ಬಾಸ್ಟನ್ ಕಾಲೇಜನ್ನು 20-15ರಿಂದ ಸೋಲಿಸಿ 7-6ಕ್ಕೆ ಮುಗಿಸಿದರು. ಒಂದು ಭಾಗ ಬದಲಾಯಿಸಿದರು, ಇಡೀ ತಂಡವನ್ನಲ್ಲ. 2003ರ ಸೋಲಿಚ್‌ಗೆ ಸಿಗದ ಸಮಯ ಇವರಿಗೆ ಸಿಕ್ಕಿದೆ.

ಆದರೆ ರೂಲ್ ಕೂಡಿಸುತ್ತಿರುವ ಸಾಮಾನು ಬೇರೆ. 2021ರಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದು, ಒಂದು ವರ್ಷ ಕೂರದೆ ಕಾಲೇಜು ಬದಲಾಯಿಸಬಹುದು. ಮೂರು ವರ್ಷ ಕಾಯುವ ತಾಳ್ಮೆಗೆ ಬೆಲೆ ಕಡಿಮೆಯಾಗಿದೆ. 2025ರ ಜೂನ್‌ನಲ್ಲಿ ಒಪ್ಪಿಗೆಯಾದ ನ್ಯಾಯಾಲಯದ ಇತ್ಯರ್ಥದಂತೆ ಕಾಲೇಜುಗಳೇ ಆಟಗಾರರಿಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಹಂಚಬಹುದು. 85 ಸ್ಕಾಲರ್‌ಶಿಪ್‌ಗಳ ಮಿತಿ ಹೋಯಿತು, ಅದರ ಬದಲಿಗೆ ಇಡೀ ತಂಡಕ್ಕೇ 105 ಮಂದಿಯ ಮಿತಿ ಬಂತು. ಮೊದಲನೆಯದು ಶ್ರೀಮಂತ ನೆಬ್ರಾಸ್ಕಾಕ್ಕೆ ಲಾಭ. ಎರಡನೆಯದು ಹಳ್ಳಿಯಿಂದ ಸ್ವಂತ ಖರ್ಚಿನಲ್ಲಿ ಬರುತ್ತಿದ್ದ ವಾಕ್‌ಆನ್ ಹುಡುಗರಿಗೆ ಇದ್ದ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿದೆ, ಮತ್ತು ಇದನ್ನು ಲಿಂಕನ್‌ನಲ್ಲಿ ಕೂತು ಯಾರೂ ರಿಪೇರಿ ಮಾಡಲಾರರು.